ಕಾರ್ಮಿಕರ ಹಕ್ಕುಗಳ ರಕ್ಷಣೆ: ದೇಶ ದೇಶಗಳನ್ನು ಯಾವ ಅಳತೆಗೋಲಿನಿಂದ ಹೋಲಿಸಬೇಕು?

ಪ್ರಶ್ನೆ — ಪೀಣ್ಯದ ಟರ್ನರ್

ಎಲ್ಲರಿಗೂ ನಮಸ್ಕಾರ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಟರ್ನರ್ ಆಗಿ ಕೆಲಸ ಮಾಡುತ್ತಿದ್ದೇನೆ; ಎರಡು ಅವಧಿಗಳಿಂದ ನಮ್ಮ ಕಾರ್ಮಿಕ ಸಂಘದ ಜಂಟಿ ಕಾರ್ಯದರ್ಶಿಯೂ ಆಗಿದ್ದೇನೆ. ತಿಂಗಳ ಎರಡನೆಯ ಭಾನುವಾರ ಸಂಘದ ಕಚೇರಿಯಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ ಸೇರಿ ಏನಾದರೊಂದು ವಿಷಯವನ್ನು ಓದಿ ಚರ್ಚಿಸುವ ರೂಢಿಯಿದೆ. ಈ ಬಾರಿ ಬೇರೆ ಬೇರೆ ದೇಶಗಳಲ್ಲಿ ಕಾರ್ಮಿಕರ ಹಕ್ಕುಗಳಿಗೆ ಎಷ್ಟು ರಕ್ಷಣೆಯಿದೆ ಎಂಬುದನ್ನು ಹೋಲಿಸಿ ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಗಳ ಒಕ್ಕೂಟವಾದ ಐಟಿಯುಸಿ 2014ರಿಂದ ಪ್ರತಿ ವರ್ಷ ಪ್ರಕಟಿಸುತ್ತಿರುವ ಜಾಗತಿಕ ಹಕ್ಕುಗಳ ಸೂಚ್ಯಂಕವನ್ನೇ ಆಧಾರವಾಗಿಟ್ಟುಕೊಂಡು ನಾನು ಒಂದು ಕೋಷ್ಟಕವನ್ನು ಸಿದ್ಧಪಡಿಸಿದೆ. ಅದು ದೇಶಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತದೆ. ಕಾನೂನಿನ ಆಡಳಿತವೇ ಕುಸಿದಿರುವ ದೇಶಗಳಿಗೆ 5+ ಎಂಬ ಇನ್ನೊಂದು ದರ್ಜೆಯಿದೆ. ಜರ್ಮನಿ, ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳು 1ರಲ್ಲಿವೆ, ಅಮೆರಿಕ 4ರಲ್ಲಿದೆ, ಭಾರತ, ಚೀನಾ, ಬಾಂಗ್ಲಾದೇಶಗಳು 5ರಲ್ಲಿವೆ. ಈ ಕೋಷ್ಟಕವನ್ನು ಮೊದಲು ನಮ್ಮ ಸಂಘದ ನಿವೃತ್ತ ಹಿರಿಯರೊಬ್ಬರಿಗೆ ತೋರಿಸಿದೆ. 1980ರ ಡಿಸೆಂಬರ್‌ನಲ್ಲಿ ಆರಂಭವಾಗಿ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಪಾಲ್ಗೊಂಡವರು ಅವರು. ಕಾಗದವನ್ನು ಎರಡು ಸಲ ಓದಿ, “ಚೀನಾದಲ್ಲಿ ಸರ್ಕಾರದ ಒಕ್ಕೂಟವನ್ನು ಬಿಟ್ಟು ಬೇರೆ ಸಂಘವನ್ನೇ ಕಟ್ಟುವಂತಿಲ್ಲ. ನಾವು ಕಟ್ಟಿದ್ದೇವೆ, ನೋಂದಾಯಿಸಿದ್ದೇವೆ, ಮುಷ್ಕರ ಮಾಡಿದ್ದೇವೆ. ಎರಡೂ ದೇಶಗಳನ್ನು ಒಂದೇ ಸಾಲಿನಲ್ಲಿ ಕೂರಿಸುವ ಲೆಕ್ಕ ಎಂಥದು?” ಎಂದು ನೊಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಇಲ್ಲಿರುವ ತಿಳಿದವರನ್ನು ಕೇಳುತ್ತಿದ್ದೇನೆ. ಇಂತಹ ದರ್ಜೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ನಂಬಲಾಗದಿದ್ದರೆ, ಕಾನೂನಿನ ಪರಿಭಾಷೆ ತಿಳಿಯದ, ಆದರೆ ಕಾರ್ಖಾನೆಯ ಬದುಕು ಚೆನ್ನಾಗಿ ಗೊತ್ತಿರುವ ನಮ್ಮಂಥವರು ಎರಡು ದೇಶಗಳನ್ನು ಯಾವ ಅಳತೆಗೋಲಿನಿಂದ ಹೋಲಿಸಬೇಕು? ಹೊರದೇಶಗಳಲ್ಲಿ ದುಡಿದವರು ತಾವು ಕಂಡದ್ದನ್ನೇ ಬರೆದರೆ ಹೆಚ್ಚು ಉಪಕಾರವಾಗುತ್ತದೆ.


ಉತ್ತರ 1 — ಸ್ಟಟ್‌ಗಾರ್ಟ್‌ನಲ್ಲಿರುವ ದಾವಣಗೆರೆಯವನು

ನಾನು ಹನ್ನೊಂದು ವರ್ಷಗಳಿಂದ ಜರ್ಮನಿಯ ಸ್ಟಟ್‌ಗಾರ್ಟ್ ಸಮೀಪದ ಒಂದು ಕಾರ್ಖಾನೆಯ ಗುಣಮಟ್ಟ ಪರಿಶೀಲನಾ ವಿಭಾಗದಲ್ಲಿದ್ದೇನೆ. 2022ರ ಚುನಾವಣೆಯಲ್ಲಿ ಗೆದ್ದು ಅಲ್ಲಿನ ನೌಕರರ ಸಮಿತಿಯ ಸದಸ್ಯನಾದೆ. ಇಲ್ಲಿ ಆ ಸಮಿತಿಯನ್ನು ಬೆಟ್ರೀಬ್ಸ್‌ರಾಟ್ ಎನ್ನುತ್ತಾರೆ. ಅದಕ್ಕೆ ಸ್ಪರ್ಧಿಸಲು ಜರ್ಮನ್ ಪೌರತ್ವ ಬೇಕಾಗಿಲ್ಲ, ಅಲ್ಲಿನ ನೌಕರನಾಗಿದ್ದರೆ ಸಾಕು ಎಂಬುದು ತಿಳಿದಾಗ ನನಗೇ ಆಶ್ಚರ್ಯವಾಗಿತ್ತು.

ನನ್ನ ಸಲಹೆಯೆಂದರೆ ಕೋಷ್ಟಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪ್ರತಿಯೊಂದು ದೇಶಕ್ಕೂ ಒಂದೇ ಒಂದು ಪ್ರಶ್ನೆ ಹಾಕಿ: “ನಾಳೆಯಿಂದ ಕೆಲಸಕ್ಕೆ ಬರಬೇಡ” ಎಂದು ಮಾಲೀಕ ಹೇಳಿದ ಗಳಿಗೆಯಿಂದ ಆ ಕಾರ್ಮಿಕನಿಗೆ ಏನೇನು ಆಗುತ್ತದೆ? ಅವನು ಯಾರ ಬಳಿಗೆ ಹೋಗಬಹುದು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ, ಅಲ್ಲಿಯವರೆಗೆ ಮನೆ ನಡೆಯುವುದು ಹೇಗೆ? ರಜೆ, ಬೋನಸ್, ಕೆಲಸದ ಅವಧಿ ಇವೆಲ್ಲವೂ ಮುಖ್ಯವೇ. ಆದರೆ ಕೆಲಸ ಹೋಗುವ ಭಯವಿದ್ದವನು ಇರುವ ರಜೆಯನ್ನೂ ಬಾಯಿ ತೆರೆದು ಕೇಳುವುದಿಲ್ಲ.

ನಮ್ಮಲ್ಲಿ ನಡೆದ ಒಂದು ಪ್ರಕರಣವನ್ನು, ಗುರುತು ಸಿಗದಂತೆ, ಹೇಳುತ್ತೇನೆ. ಪ್ಯಾಕಿಂಗ್ ವಿಭಾಗದಲ್ಲಿ ಹೊಸ ಯಂತ್ರ ಬಂದ ಕಾರಣ ಐವತ್ತು ದಾಟಿದ ಒಬ್ಬ ಮಹಿಳೆಯನ್ನು ಕೆಲಸದಿಂದ ತೆಗೆಯುವ ಪ್ರಸ್ತಾವ ಸಮಿತಿಯ ಮುಂದೆ ಬಂತು. ಅದನ್ನು ಪ್ರಸ್ತಾವ ಎಂದೇ ಕರೆಯಬೇಕು, ಏಕೆಂದರೆ ಸಮಿತಿಯ ಅಭಿಪ್ರಾಯ ಕೇಳುವ ಮೊದಲೇ ಕೊಟ್ಟ ವಜಾ ಪತ್ರ ಇಲ್ಲಿನ ಕಾನೂನಿನಲ್ಲಿ ಅಸಿಂಧು. ಮಾಲೀಕರು ಕಾರಣಗಳನ್ನು ವಿವರವಾಗಿ ತಿಳಿಸಬೇಕು. ಆಕ್ಷೇಪ ಸಲ್ಲಿಸಲು ನಮಗೆ ಒಂದು ವಾರ ಸಿಗುತ್ತದೆ. ನಾವು ಆ ವಾರದಲ್ಲಿ ಮಾಡಿದ ಮೊದಲ ಕೆಲಸವೆಂದರೆ ಖಾಲಿ ಹುದ್ದೆಗಳ ಪಟ್ಟಿಯನ್ನು ತರಿಸಿ ಓದಿದ್ದು. ಬಿಡಿಭಾಗಗಳ ಉಗ್ರಾಣದಲ್ಲಿ ಒಂದು ಹುದ್ದೆ ಮೂರು ತಿಂಗಳಿಂದ ಖಾಲಿಯಿತ್ತು. ಬೇರೆ ಹುದ್ದೆಯಲ್ಲಿ ಮುಂದುವರಿಸಲು ಸಾಧ್ಯವಿದ್ದೂ ತೆಗೆಯುತ್ತಿದ್ದಾರೆ ಎಂಬುದು ಆಕ್ಷೇಪಕ್ಕೆ ಕಾನೂನೇ ಒಪ್ಪಿರುವ ಕಾರಣ. ಸಮಿತಿ ಹಾಗೆ ಲಿಖಿತ ಆಕ್ಷೇಪ ಎತ್ತಿ, ಕಾರ್ಮಿಕರು ನ್ಯಾಯಾಲಯಕ್ಕೂ ಹೋದರೆ, ಪ್ರಕರಣ ಮುಗಿಯುವವರೆಗೆ ಅವರನ್ನು ಕೆಲಸದಲ್ಲಿ ಇರಿಸಿಕೊಳ್ಳುವಂತೆ ಕೇಳುವ ಹಕ್ಕು ಅವರಿಗೆ ಬರುತ್ತದೆ. ನಮ್ಮ ಎರಡು ಪುಟದ ಪತ್ರ ಹೋದ ನಾಲ್ಕನೆಯ ದಿನ ಪ್ರಸ್ತಾವ ಹಿಂದಕ್ಕೆ ಹೋಯಿತು. ಆ ಮಹಿಳೆ ಈಗ ಉಗ್ರಾಣದಲ್ಲಿದ್ದಾರೆ.

ಮಾತು ನ್ಯಾಯಾಲಯದವರೆಗೆ ಹೋಗಿದ್ದರೆ ಅವರು ವಜಾ ಪತ್ರ ತಲುಪಿದ ಮೂರು ವಾರಗಳೊಳಗೆ ದಾವೆ ಹೂಡಬೇಕಿತ್ತು. ಕಾರ್ಮಿಕ ನ್ಯಾಯಾಲಯದ ಪೀಠದಲ್ಲಿ ಒಬ್ಬರು ವೃತ್ತಿ ನ್ಯಾಯಾಧೀಶರ ಜೊತೆಗೆ ಮಾಲೀಕರ ಕಡೆಯ ಒಬ್ಬರು, ಕಾರ್ಮಿಕರ ಕಡೆಯ ಒಬ್ಬರು ಗೌರವ ನ್ಯಾಯಾಧೀಶರಾಗಿ ಕುಳಿತಿರುತ್ತಾರೆ. ಅದಕ್ಕೂ ಮೊದಲು ರಾಜಿಗಾಗಿಯೇ ಒಂದು ವಿಚಾರಣೆ ನಡೆಯುತ್ತದೆ, ಮತ್ತು ಹೆಚ್ಚಿನ ಪ್ರಕರಣಗಳು ಪರಿಹಾರದ ಹಣಕ್ಕೆ ಅಲ್ಲೇ ಮುಗಿಯುತ್ತವೆ. ಮೊದಲ ಹಂತದಲ್ಲಿ ಸೋತರೂ ಎದುರಾಳಿಯ ವಕೀಲರ ಶುಲ್ಕವನ್ನು ಕಾರ್ಮಿಕ ಕಟ್ಟಬೇಕಾಗಿಲ್ಲ. ಈ ಒಂದು ನಿಯಮ ಎಷ್ಟೋ ಜನರಿಗೆ ಮೆಟ್ಟಿಲು ಹತ್ತುವ ಧೈರ್ಯ ಕೊಟ್ಟಿದೆ.

ಹಾಗೆಂದು ಜರ್ಮನಿಯನ್ನು ಸ್ವರ್ಗವೆಂದು ನಿಮ್ಮ ಸದಸ್ಯರಿಗೆ ಹೇಳಬೇಡಿ. ವಜಾ ವಿರುದ್ಧದ 1951ರ ಕಾನೂನು ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ, ಅದೂ ಆರು ತಿಂಗಳ ಸೇವೆಯ ನಂತರ ಮಾತ್ರ ಅನ್ವಯವಾಗುತ್ತದೆ. ಸಣ್ಣ ಬೇಕರಿಯಲ್ಲಿ ದುಡಿಯುವವರಿಗೆ ಅದರ ಆಸರೆಯಿಲ್ಲ. ಸರ್ಕಾರದ ಖಾಯಂ ಅಧಿಕಾರಿ ವರ್ಗಕ್ಕೆ ಸೇರಿದ ಶಿಕ್ಷಕರು ಮುಷ್ಕರ ಹೂಡುವಂತಿಲ್ಲ ಎಂದು 2018ರಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯವೇ ಎತ್ತಿಹಿಡಿದಿದೆ. ಎಲ್ಲಕ್ಕಿಂತ ನೋವಿನ ಉದಾಹರಣೆ 2020ರದು. ಗ್ಯೂಟರ್ಸ್‌ಲೋ ಜಿಲ್ಲೆಯ ಒಂದು ದೊಡ್ಡ ಮಾಂಸ ಸಂಸ್ಕರಣಾ ಘಟಕದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ಕೊರೊನಾ ಸೋಂಕು ತಗುಲಿದಾಗ, ಅವರಲ್ಲಿ ಬಹುಪಾಲು ಜನ ರೊಮೇನಿಯಾ, ಬಲ್ಗೇರಿಯಾಗಳಿಂದ ಉಪಗುತ್ತಿಗೆದಾರರು ಕರೆತಂದವರು, ಇಕ್ಕಟ್ಟಾದ ಕೊಠಡಿಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದವರು ಎಂಬುದು ಇಡೀ ದೇಶಕ್ಕೆ ಗೊತ್ತಾಯಿತು. ದರ್ಜೆ 1ರ ದೇಶದೊಳಗೆ ಇವರು ಬೇರೊಂದು ದೇಶದಲ್ಲಿದ್ದಂತೆ ಇದ್ದರು. 2021ರ ಜನವರಿಯಿಂದ ದೊಡ್ಡ ಘಟಕಗಳಲ್ಲಿ ಕತ್ತರಿಸುವ, ಸಂಸ್ಕರಿಸುವ ಕೆಲಸಕ್ಕೆ ಉಪಗುತ್ತಿಗೆಯನ್ನೇ ನಿಷೇಧಿಸುವ ಕಾನೂನು ಬಂತು. ಗುತ್ತಿಗೆ ಕಾರ್ಮಿಕರ ವಿಷಯ ನಿಮ್ಮಲ್ಲಿ ಚರ್ಚೆಗೆ ಬಂದರೆ ಇದನ್ನು ತಪ್ಪದೆ ಪ್ರಸ್ತಾಪಿಸಿ.

ಡೆನ್ಮಾರ್ಕ್ ಬೇರೆ ದಾರಿ ಹಿಡಿದ ದೇಶ. ಅಲ್ಲಿ ಕೆಲಸದಿಂದ ತೆಗೆಯುವುದು ಜರ್ಮನಿಗಿಂತ ಬಹಳ ಸುಲಭ, ಕನಿಷ್ಠ ವೇತನದ ಕಾನೂನೂ ಇಲ್ಲ. ಆದರೆ ನಿರುದ್ಯೋಗ ವಿಮೆಯ ಸದಸ್ಯರಾಗಿದ್ದವರಿಗೆ ಒಂದು ಮಿತಿಯೊಳಗೆ ಹಿಂದಿನ ಸಂಬಳದ 90 ಶೇಕಡದವರೆಗೆ ಎರಡು ವರ್ಷ ಹಣ ಸಿಗುತ್ತದೆ. ವೇತನವನ್ನು ಸಂಘಗಳೇ ಒಪ್ಪಂದದಲ್ಲಿ ನಿಗದಿಪಡಿಸುತ್ತವೆ. ಸ್ವೀಡನ್‌ನಲ್ಲಿಯೂ ಅದೇ ಪದ್ಧತಿ. ಅಂಥ ಒಪ್ಪಂದಕ್ಕೆ ಸಹಿ ಹಾಕಲು ಒಪ್ಪದ ಟೆಸ್ಲಾ ಕಂಪನಿಯ ವಿರುದ್ಧ 2023ರ ಅಕ್ಟೋಬರ್ 27ರಂದು ಅಲ್ಲಿನ ಲೋಹ ಕಾರ್ಮಿಕರ ಸಂಘ ಮುಷ್ಕರ ಆರಂಭಿಸಿದಾಗ, ಬಂದರು ಕಾರ್ಮಿಕರು ಆ ಕಾರುಗಳನ್ನು ಹಡಗಿನಿಂದ ಇಳಿಸಲು ನಿರಾಕರಿಸಿದರು, ಅಂಚೆ ನೌಕರರು ಕಂಪನಿಗೆ ಬರುವ ನಂಬರ್ ಪ್ಲೇಟ್‌ಗಳನ್ನು ತಲುಪಿಸಲಿಲ್ಲ. ಒಂದು ಕಾರ್ಖಾನೆಯ ಜಗಳಕ್ಕೆ ಇನ್ನೊಂದು ಕಸುಬಿನವರು ಕಾನೂನುಬದ್ಧವಾಗಿ ಹೆಗಲು ಕೊಡಬಹುದಾದ ದೇಶಗಳು ಪ್ರಪಂಚದಲ್ಲಿ ಕಡಿಮೆ. ಜರ್ಮನಿಯಲ್ಲೂ ಅದು ಅಷ್ಟು ಸುಲಭವಲ್ಲ.


ಉತ್ತರ 2 — ಕುಂದಾಪುರದ ಮೇಲ್ವಿಚಾರಕ

ಸ್ಟಟ್‌ಗಾರ್ಟ್‌ನವರು ಹಾಕಿದ ಪ್ರಶ್ನೆಗೆ ಕೊಲ್ಲಿ ರಾಷ್ಟ್ರದಿಂದ ಉತ್ತರ ಕೊಡುತ್ತೇನೆ. ಕತಾರ್‌ನಲ್ಲಿ 2009ರಿಂದ 2022ರವರೆಗೆ ಕಟ್ಟಡ ಕಾಮಗಾರಿಯ ಮೇಲ್ವಿಚಾರಕನಾಗಿದ್ದೆ. ನಮ್ಮ ಕರಾವಳಿಯಲ್ಲಿ ಕೊಲ್ಲಿಗೆ ಹೋದ ಒಬ್ಬರಾದರೂ ಇಲ್ಲದ ಊರಿಲ್ಲ. ಅಲ್ಲಿಂದ ಬಂದ ಹಣದಲ್ಲಿ ಎದ್ದ ಮನೆಗಳನ್ನು ಎಲ್ಲರೂ ನೋಡುತ್ತಾರೆ, ಆದ್ದರಿಂದ ಈ ಕೆಳಗಿನದನ್ನೂ ಬರೆಯುವುದು ಅಗತ್ಯವೆಂದು ಭಾವಿಸಿದ್ದೇನೆ.

ಅಲ್ಲಿ ಬಹುಕಾಲ ನಮ್ಮ ಭಯ “ನಾಳೆಯಿಂದ ಬರಬೇಡ” ಎಂಬ ಮಾತಿನದಾಗಿರಲಿಲ್ಲ, “ನೀನು ಹೋಗುವಂತಿಲ್ಲ” ಎಂಬ ಮಾತಿನದಾಗಿತ್ತು. ಕಫಾಲಾ ಪದ್ಧತಿಯಲ್ಲಿ ಕಾರ್ಮಿಕನ ವಾಸದ ಪರವಾನಗಿಯು ಕರೆಸಿಕೊಂಡ ಮಾಲೀಕನ ಹೆಸರಿಗೆ ಕಟ್ಟಿಹಾಕಿದಂತೆ ಇರುತ್ತದೆ. ಕೆಲಸ ಬದಲಿಸಲು ಅವನ ಎನ್‌ಒಸಿ ಬೇಕು. ದೇಶ ಬಿಟ್ಟು ಊರಿಗೆ ಹೊರಡಲು ಅವನ ನಿರ್ಗಮನ ಪತ್ರ ಬೇಕು. 2014ರಲ್ಲಿ ನಾನಿದ್ದ ಉಪಗುತ್ತಿಗೆ ಕಂಪನಿ ನಾಲ್ಕು ತಿಂಗಳು ಸಂಬಳ ಕೊಡಲಿಲ್ಲ. ಒಂದು ಕೋಣೆಯಲ್ಲಿ ಹನ್ನೊಂದು ಜನರಿದ್ದೆವು. ಮೆಸ್ಸಿನವರು ಸಾಲ ನಿಲ್ಲಿಸಿದ ಮೇಲೆ ಭಟ್ಕಳದ ಒಬ್ಬರು ತಮ್ಮ ಅಂಗಡಿಯಿಂದ ಕುಚ್ಚಲಕ್ಕಿ, ಬೇಳೆ ಕೊಟ್ಟು, ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು. ದೂರು ಕೊಡಲು ಕಾರ್ಮಿಕ ಕಚೇರಿಗೆ ಹೋಗಬೇಕೆಂದರೆ ಒಂದು ದಿನದ ಹಾಜರಿ ಹೋಗುತ್ತದೆ, ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿದೆ, ಅರ್ಜಿಯನ್ನು ಅರಬ್ಬಿಯಲ್ಲಿ ಬರೆಸಬೇಕು. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಆಗಲೂ ಅಲ್ಲಿನ ಕಾನೂನಿಗೆ ವಿರುದ್ಧವೇ ಆಗಿತ್ತು. ನಮ್ಮ ಹನ್ನೊಂದು ಜನರಲ್ಲಿ ಅದು ಗೊತ್ತಿದ್ದವನು ಒಬ್ಬನೂ ಇರಲಿಲ್ಲ.

ಆಮೇಲೆ ಬದಲಾವಣೆ ಬಂತು ಎಂಬುದನ್ನು ನ್ಯಾಯವಾಗಿಯೇ ಹೇಳಬೇಕು. ವಿಶ್ವಕಪ್ ಫುಟ್‌ಬಾಲ್ ಹತ್ತಿರವಾಗಿ ಜಗತ್ತಿನ ಕಣ್ಣು ಅತ್ತ ಬಿದ್ದದ್ದು, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದೋಹಾದಲ್ಲಿ ಕಚೇರಿ ತೆರೆದದ್ದು ಇದಕ್ಕೆ ಕಾರಣ. 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ, 2020ರಲ್ಲಿ ಮನೆಗೆಲಸದವರಿಗೂ ನಿರ್ಗಮನ ಪತ್ರದ ಷರತ್ತು ಹೋಯಿತು. 2020ರಲ್ಲಿಯೇ ಎನ್‌ಒಸಿ ಇಲ್ಲದೆ ಕೆಲಸ ಬದಲಿಸಲು ಅವಕಾಶವಾಯಿತು. 2021ರ ಮಾರ್ಚ್‌ನಿಂದ ಎಲ್ಲ ದೇಶದವರಿಗೂ ಒಂದೇ ಕನಿಷ್ಠ ವೇತನ ಜಾರಿಯಾಯಿತು: ತಿಂಗಳಿಗೆ 1,000 ರಿಯಾಲ್, ಮಾಲೀಕ ವಸತಿ ಮತ್ತು ಊಟ ಕೊಡದಿದ್ದರೆ ಅವಕ್ಕೆ 500 ಮತ್ತು 300 ರಿಯಾಲ್. ಅದೇ ವರ್ಷದಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸವನ್ನು ನಿಲ್ಲಿಸಬೇಕೆಂಬ ನಿಯಮ ಬಂತು. ಈ ಕೊನೆಯದು ನನ್ನ ಕಣ್ಣೆದುರಿಗೇ ಪಾಲನೆಯಾದ ನಿಯಮ. ಅದಕ್ಕೂ ಹಿಂದಿನ ಬೇಸಿಗೆಗಳಲ್ಲಿ ಬೆಳಗಿನ ಹತ್ತೂವರೆಗೇ ಕಬ್ಬಿಣದ ಸರಳು ಹಿಡಿದವರ ಕೈಗವಸು ಬೆವರಿಗೆ ಒದ್ದೆಯಾಗಿ ಜಾರುತ್ತಿತ್ತು.

ಇಷ್ಟಾದರೂ ಹೊರದೇಶದ ಕಾರ್ಮಿಕ ಅಲ್ಲಿ ಸಂಘ ಕಟ್ಟುವಂತಿಲ್ಲ. ಮಾಲೀಕರ ಜೊತೆ ಜಂಟಿ ಸಮಿತಿಯಲ್ಲಿ ಕೂರಬಹುದು, ಅಷ್ಟೇ. ದೊರೆತ ಹಕ್ಕು ಮೇಲಿನವರು ಕೊಟ್ಟದ್ದು. ಅದನ್ನು ಕಾಯ್ದುಕೊಳ್ಳುವ ಉಪಾಯ ನಮ್ಮ ಕೈಯಲ್ಲಿಲ್ಲ. ನಿಮ್ಮ ಹಿರಿಯರು ಸಂಘ ಕಟ್ಟಿದ್ದರ ಬಗ್ಗೆ ಹೆಮ್ಮೆಪಟ್ಟದ್ದು ನೂರಕ್ಕೆ ನೂರು ಸರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.


ಉತ್ತರ 3 — ನ್ಯೂಜೆರ್ಸಿಯ ಓದುಗಿ

ಅಮೆರಿಕದ ಬಗ್ಗೆ ಚಿಕ್ಕದಾಗಿ ಬರೆಯುತ್ತೇನೆ. ಇಲ್ಲಿ ಮೊಂಟಾನಾ ಒಂದನ್ನು ಬಿಟ್ಟು ಉಳಿದ ರಾಜ್ಯಗಳಲ್ಲಿ ಉದ್ಯೋಗವು ಮಾಲೀಕನ ಇಚ್ಛೆ ಇರುವವರೆಗೆ ಮಾತ್ರ ಎಂಬುದೇ ಮೂಲ ನಿಯಮ. ಜನಾಂಗ, ಲಿಂಗ, ಧರ್ಮ ಮುಂತಾದ ನಿಷಿದ್ಧ ಕಾರಣಗಳಿಗಾಗಿ ತೆಗೆಯುವಂತಿಲ್ಲ. ಆದರೆ ಯಾವ ಕಾರಣವನ್ನೂ ಹೇಳದೆ ತೆಗೆಯಬಹುದು. ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಒಂದೇ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ತೆಗೆಯುವುದಾದರೆ 60 ದಿನಗಳ ಮುನ್ಸೂಚನೆ ಕೊಡಬೇಕೆಂದು 1988ರ ಕಾನೂನು ಹೇಳುತ್ತದೆ. ಒಕ್ಕೂಟ ಸರ್ಕಾರದ ಕನಿಷ್ಠ ವೇತನ 2009ರ ಜುಲೈನಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ, ಆದರೆ ಅನೇಕ ರಾಜ್ಯಗಳು ತಮ್ಮದೇ ಹೆಚ್ಚಿನ ದರ ನಿಗದಿಪಡಿಸಿಕೊಂಡಿವೆ. ಹೆರಿಗೆಗೆ ಒಕ್ಕೂಟದ ಕಾನೂನು ಕೊಡುವುದು ಸಂಬಳವಿಲ್ಲದ 12 ವಾರಗಳು, ಅದೂ ಐವತ್ತಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಯಲ್ಲಿ ಇಲ್ಲ. ಭಾರತದಲ್ಲಿ 2017ರಿಂದ ಸಂಬಳಸಹಿತ 26 ವಾರಗಳಿವೆ ಎಂದರೆ ನನ್ನ ಇಲ್ಲಿನ ಸಹೋದ್ಯೋಗಿಗಳು ಮೊದಲು ನಂಬುವುದಿಲ್ಲ.

ನಾನು ಹಿಂದೆ ಇದ್ದ ಸಂಸ್ಥೆಯಲ್ಲಿ ಒಂದೇ ತಂಡದ ಅರ್ಧ ಜನ ಇಲ್ಲಿ, ಅರ್ಧ ಜನ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೆವು. ಒಂದು ಮಂಗಳವಾರ ಬೆಳಗ್ಗೆ ನನ್ನ ಲ್ಯಾಪ್‌ಟಾಪ್ ಪಾಸ್‌ವರ್ಡ್ ಒಪ್ಪಲಿಲ್ಲ. ಇಮೇಲ್ ವೈಯಕ್ತಿಕ ವಿಳಾಸಕ್ಕೆ ಬಂದಿತ್ತು. ನಾನು ಎಚ್-1ಬಿ ವೀಸಾದಲ್ಲಿದ್ದುದರಿಂದ 60 ದಿನಗಳಲ್ಲಿ ಹೊಸ ಕೆಲಸ ಹುಡುಕಬೇಕಿತ್ತು, ಇಲ್ಲವಾದರೆ ಮಗುವಿನ ಶಾಲೆಯನ್ನು ನಡುವೆಯೇ ಬಿಡಿಸಿ ಹೊರಡಬೇಕಿತ್ತು. ಐವತ್ತಮೂರನೆಯ ದಿನ ಕೆಲಸ ಸಿಕ್ಕಿತು. ಆ ಹೊತ್ತಿಗೆ ಮ್ಯೂನಿಕ್‌ನ ಗೆಳತಿಯರು ಇನ್ನೂ ಕೆಲಸದಲ್ಲೇ ಇದ್ದರು. ಅವರ ನೌಕರರ ಸಮಿತಿಯೊಂದಿಗೆ ಮಾತುಕತೆ ಮುಗಿದಿರಲಿಲ್ಲ. ಕಂಪನಿ ಒಂದೇ, ತೆಗೆಯುವ ನಿರ್ಧಾರ ಒಂದೇ, ಕಾನೂನು ಮಾತ್ರ ಬೇರೆ. ಎರಡು ದೇಶಗಳನ್ನು ಹೋಲಿಸಲು ಇದಕ್ಕಿಂತ ನೇರವಾದ ಪ್ರಯೋಗ ನನಗೆ ಗೊತ್ತಿಲ್ಲ.


ಉತ್ತರ 4 — ಕಾರ್ಮಿಕ ನ್ಯಾಯಾಲಯದ ವಕೀಲರು, ಬೆಂಗಳೂರು

ಹಿರಿಯರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉತ್ತರವೂ ಅದರಲ್ಲಿಯೇ ಇದೆ.

ಐಟಿಯುಸಿ ಅಳೆಯುವುದು ಮುಖ್ಯವಾಗಿ ಸಂಘ ಕಟ್ಟುವ, ಚೌಕಾಶಿ ಮಾಡುವ, ಮುಷ್ಕರ ಹೂಡುವ ಸಾಮೂಹಿಕ ಹಕ್ಕುಗಳನ್ನು. ಸಂಬಳದ ಮಟ್ಟವನ್ನಾಗಲಿ ಗ್ರಾಚ್ಯುಟಿಯನ್ನಾಗಲಿ ಅಲ್ಲ. ದರ್ಜೆ 5 ಎಂದರೆ ಕಾನೂನಿನಲ್ಲಿ ಹಕ್ಕು ಇಲ್ಲವೆಂದು ಅರ್ಥವಲ್ಲ. ಕಾನೂನು ಕೆಲವು ಹಕ್ಕುಗಳನ್ನು ಹೇಳಿರಬಹುದು, ಆದರೆ ಕಾರ್ಮಿಕರಿಗೆ ಅವು ವಾಸ್ತವವಾಗಿ ಕೈಗೆಟುಕುವುದಿಲ್ಲ ಎಂಬುದು ಆ ದರ್ಜೆಗೆ ಅವರೇ ಕೊಟ್ಟಿರುವ ವಿವರಣೆ. ಹೀಗಾಗಿ ಹಕ್ಕೇ ಇಲ್ಲದ ದೇಶವೂ ಹಕ್ಕಿದ್ದು ಅದು ಎಟುಕದ ದೇಶವೂ ಒಂದೇ ಪೆಟ್ಟಿಗೆಯಲ್ಲಿ ಬೀಳುತ್ತವೆ. ನಿಮ್ಮ ಹಿರಿಯರು ಎಟುಕಿಸಿಕೊಂಡವರ ಸಾಲಿನಲ್ಲಿದ್ದರು. ನಮ್ಮಲ್ಲಿ ದುಡಿಯುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಆ ಸಾಲಿನಲ್ಲಿ ಎಂದೂ ನಿಂತವರಲ್ಲ.

ಚೀನಾದ ಹೋಲಿಕೆಯನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು. ಅಲ್ಲಿ ಸ್ವತಂತ್ರ ಸಂಘಕ್ಕೆ ಎಡೆಯಿಲ್ಲ, ನಿಜ. ಆದರೆ ಒಬ್ಬ ಕಾರ್ಮಿಕ ಒಂಟಿಯಾಗಿ ಕೇಳಬಹುದಾದ ಹಕ್ಕುಗಳನ್ನು ನೋಡಿ: 2008ರಲ್ಲಿ ಜಾರಿಗೆ ಬಂದ ಕಾನೂನಿನಂತೆ, ಕೆಲಸಕ್ಕೆ ಸೇರಿದ ಒಂದು ತಿಂಗಳೊಳಗೆ ಲಿಖಿತ ಕರಾರು ಕೊಡದ ಮಾಲೀಕ ದುಪ್ಪಟ್ಟು ಸಂಬಳ ತೆರಬೇಕು, ತೆಗೆಯುವಾಗ ಸೇವೆಯ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಪರಿಹಾರ, ಕಾನೂನುಬಾಹಿರವಾಗಿ ತೆಗೆದರೆ ಅದರ ಎರಡರಷ್ಟು. ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆ ಪ್ರತಿ ವರ್ಷಕ್ಕೆ ಕೊಟ್ಟದ್ದು 15 ದಿನಗಳ ಸಂಬಳ. ಒಂಟಿಯಾಗಿ ಕೇಳುವ ಹಕ್ಕು ಬೇರೆ, ಒಟ್ಟಾಗಿ ಕೇಳುವ ಹಕ್ಕು ಬೇರೆ. ಕೋಷ್ಟಕ ಮಾಡುವುದೇ ಆದರೆ ಈ ಎರಡಕ್ಕೂ ಪ್ರತ್ಯೇಕ ಅಂಕಣಗಳನ್ನು ಹಾಕಿ. ಆಗ ಚೀನಾ ಮತ್ತು ಭಾರತ ಒಂದೇ ಸಾಲಿನಲ್ಲಿ ಕೂರುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಡಂಬಡಿಕೆಗಳಿಗೆ ಯಾರು ಸಹಿ ಹಾಕಿದ್ದಾರೆಂಬ ಲೆಕ್ಕವನ್ನು ಕೆಲವರು ಅಳತೆಗೋಲಾಗಿ ಬಳಸುತ್ತಾರೆ. ಅದು ಹೆಚ್ಚು ದೂರ ಸಾಗದು. ಭಾರತ ದಿನಕ್ಕೆ 8 ಗಂಟೆಯ ಕೆಲಸದ ಮೊದಲ ಒಡಂಬಡಿಕೆಯನ್ನು 1921ರಷ್ಟು ಹಿಂದೆಯೇ ಅನುಮೋದಿಸಿತು. ಸಂಘ ಸ್ವಾತಂತ್ರ್ಯ ಮತ್ತು ಸಾಮೂಹಿಕ ಚೌಕಾಶಿಗೆ ಸಂಬಂಧಿಸಿದ 87 ಮತ್ತು 98ನೆಯ ಒಡಂಬಡಿಕೆಗಳನ್ನು ಅನುಮೋದಿಸಿಲ್ಲ. ಅಮೆರಿಕವಂತೂ ಮೂಲಭೂತ ಎನಿಸಿಕೊಂಡವುಗಳಲ್ಲಿ ಎರಡನ್ನು ಮಾತ್ರ ಒಪ್ಪಿದೆ.

ಇನ್ನು ಸ್ಟಟ್‌ಗಾರ್ಟ್‌ನವರ ಪ್ರಶ್ನೆಯನ್ನು ನಮ್ಮ ನಾಡಿಗೇ ಹಾಕೋಣ. ನಮ್ಮ ಕಾರ್ಮಿಕ ಕಾನೂನು ಬಡ ಕಾನೂನಲ್ಲ. ಅದನ್ನು ಕಟ್ಟುವುದರಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರು ಜಲಮಂಡಳಿಯ ನೌಕರರು ಹೂಡಿದ ವ್ಯಾಜ್ಯದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪಿನ ಮೂಲಕ, “ಕೈಗಾರಿಕೆ” ಎಂಬ ಪದವನ್ನು ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನೂ ಒಳಗೊಳ್ಳುವಷ್ಟು ವಿಶಾಲವಾಗಿ ವ್ಯಾಖ್ಯಾನಿಸಿತು. ವಜಾ ಆದ ಕಾರ್ಮಿಕ ಸರ್ಕಾರದ ಶಿಫಾರಸಿಗೆ ಕಾಯದೆ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಬರಬಹುದೆಂಬ ತಿದ್ದುಪಡಿಯನ್ನು ಕರ್ನಾಟಕ 1987ರ ಕಾಯ್ದೆಯಲ್ಲೇ ತಂದಿತು. ಕೇಂದ್ರ ಸರ್ಕಾರ ಅಂಥದ್ದನ್ನು ಇಡೀ ದೇಶಕ್ಕೆ ತಂದದ್ದು 2010ರಲ್ಲಿ. ವರ್ಷದಲ್ಲಿ 240 ದಿನ ದುಡಿದವನನ್ನು ನೋಟಿಸ್ ಮತ್ತು ಪರಿಹಾರವಿಲ್ಲದೆ ತೆಗೆದರೆ ಆ ಆದೇಶ ನಿಲ್ಲುವುದಿಲ್ಲ ಎಂಬ ತತ್ತ್ವವನ್ನು ನಾನು ವೃತ್ತಿಗೆ ಬಂದ ಮೊದಲ ವಾರವೇ ಕಲಿತೆ.

ಆದರೆ ಆ 240 ದಿನಗಳನ್ನು ಸಾಬೀತುಪಡಿಸಬೇಕಾದವನು ಕಾರ್ಮಿಕ. ನನ್ನ ಮೇಜಿಗೆ ಬಂದ ಒಂದು ಕಡತದಲ್ಲಿ ಏಳು ವರ್ಷ ದುಡಿದವನ ಬಳಿ ಇದ್ದ ಪುರಾವೆಯೆಂದರೆ ಕ್ಯಾಂಟೀನಿನ ಕೂಪನ್ ಪುಸ್ತಕದ ಅರ್ಧ ಹರಿದ ಹಾಳೆಗಳು, ಪ್ಲಾಸ್ಟಿಕ್ ಚೀಲವೊಂದರಲ್ಲಿ. ನೇಮಕಾತಿ ಪತ್ರವಿಲ್ಲ, ವೇತನ ಚೀಟಿಯಿಲ್ಲ. ಪಿಎಫ್ ಖಾತೆಯಲ್ಲಿ ಏಳು ವರ್ಷಕ್ಕೆ ಮೂರು ಗುತ್ತಿಗೆದಾರರ ಹೆಸರುಗಳು. ಅವನು ನಿಂತ ಯಂತ್ರ ಮಾತ್ರ ಬದಲಾಗಿರಲಿಲ್ಲ. ಇಂಥವನು ಕಾರ್ಖಾನೆಯ ಖಾಯಂ ನೌಕರನೆನಿಸಿಕೊಳ್ಳುವುದು 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಬಹಳ ಕಷ್ಟವಾಗಿದೆ: ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೂ ಕಾರ್ಮಿಕರು ತಾವಾಗಿಯೇ ಮೂಲ ಸಂಸ್ಥೆಯ ನೌಕರರಾಗುವುದಿಲ್ಲ, ಗುತ್ತಿಗೆ ಬರೀ ನೆಪವೆಂದು ತೋರಿಸಿಕೊಡಬೇಕು. ಜರ್ಮನಿ ಮಾಂಸದ ಘಟಕಗಳಲ್ಲಿ ಒಂದೇ ಕಾನೂನಿನಿಂದ ಕಿತ್ತೊಗೆದದ್ದನ್ನು ನಾವು ಒಬ್ಬೊಬ್ಬರಾಗಿ ನ್ಯಾಯಾಲಯದಲ್ಲಿ ಸಾಧಿಸಬೇಕಾಗಿದೆ. ಸ್ಟಟ್‌ಗಾರ್ಟ್‌ನ ಒಂದು ವಾರದ ಮುಂದೆ ನಮ್ಮ ಪ್ರಕರಣಗಳ ವರ್ಷಗಳನ್ನು ಇಟ್ಟು ನೋಡಿದರೆ ಮನಸ್ಸು ಭಾರವಾಗುತ್ತದೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮ ಅವುಗಳಲ್ಲಿದೆ. ಮೇಲಿನ ಕಡತವನ್ನು ನೋಡಿದ ಯಾರಾದರೂ ಅದನ್ನು ಸ್ವಾಗತಿಸಲೇಬೇಕು. ಆದರೆ ಕಾರ್ಮಿಕರನ್ನು ಕಡಿತಗೊಳಿಸಲು ಅಥವಾ ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾಗಿದ್ದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ, ಮತ್ತು ಎಲ್ಲ ಕೈಗಾರಿಕಾ ಸಂಸ್ಥೆಗಳಲ್ಲೂ ಮುಷ್ಕರಕ್ಕೆ ಕನಿಷ್ಠ 14 ದಿನಗಳ ಮುನ್ಸೂಚನೆ ಬೇಕಾಗಿದೆ. ಪೀಣ್ಯದಂಥ ಪ್ರದೇಶದಲ್ಲಿ 100ಕ್ಕೂ 300ಕ್ಕೂ ನಡುವೆ ಇರುವ ಕಾರ್ಖಾನೆಗಳು ಎಷ್ಟಿವೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಒಂಟಿಯಾಗಿ ಕೇಳುವ ಹಕ್ಕು ತುಸು ಬೆಳೆದು, ಒಟ್ಟಾಗಿ ಕೇಳುವ ಹಕ್ಕು ಕುಗ್ಗಿದೆ ಎಂದೇ ನನ್ನ ಅಭಿಪ್ರಾಯ.

ಒಟ್ಟಾಗಿ ಕೇಳುವ ಹಕ್ಕು ಕಾಗದದ ಮೇಲೆ ಇಲ್ಲದಿದ್ದರೂ ಜನ ಅದನ್ನು ಬೀದಿಯಲ್ಲಿ ಪಡೆದ ಉದಾಹರಣೆಯೂ ನಮ್ಮ ಊರಿನಲ್ಲಿದೆ. ಪಿಎಫ್ ಹಣವನ್ನು ಪೂರ್ತಿ ಹಿಂಪಡೆಯಲು 58 ವರ್ಷದವರೆಗೆ ಕಾಯಬೇಕೆಂದು 2016ರಲ್ಲಿ ನಿಯಮ ಬಂದಾಗ, ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು, ಹೆಚ್ಚಿನವರು ಯಾವ ಸಂಘದ ಸದಸ್ಯರೂ ಅಲ್ಲದವರು, ಬೆಂಗಳೂರಿನ ಹೊಸೂರು ರಸ್ತೆಯನ್ನು ತುಂಬಿದರು. ಕೇಂದ್ರ ಸರ್ಕಾರ ಎರಡನೆಯ ದಿನವೇ ನಿಯಮವನ್ನು ಹಿಂತೆಗೆದುಕೊಂಡಿತು.


ಪ್ರಶ್ನೆ ಕೇಳಿದವರಿಂದ — ಪೀಣ್ಯದ ಟರ್ನರ್

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಭಾನುವಾರದ ಸಭೆ ಮುಗಿಯಿತು. ಕೋಷ್ಟಕವನ್ನು ಕೊನೆಗೆ ತೋರಿಸೋಣವೆಂದು ಇಟ್ಟುಕೊಂಡು, ಸೇರಿದ್ದ ಇಪ್ಪತ್ತಾರು ಮಂದಿಯನ್ನು ಮೊದಲು ಒಂದು ಮಾತು ಕೇಳಿದೆ: “ನಾಳೆಯಿಂದ ಬರಬೇಡ ಎಂದರೆ ನೀವು ಮೊದಲ ಫೋನ್ ಯಾರಿಗೆ ಮಾಡುತ್ತೀರಿ?”

ಖಾಯಂ ನೌಕರರೆಲ್ಲ ಸಂಘದ ಅಧ್ಯಕ್ಷರ ಹೆಸರನ್ನೋ ನನ್ನ ಹೆಸರನ್ನೋ ಹೇಳಿದರು. ಸದಸ್ಯರಲ್ಲದಿದ್ದರೂ ಚಹಾ ಕುಡಿಯಲು ಬಂದು ಬಾಗಿಲ ಬಳಿ ಕುಳಿತಿದ್ದ ಐದು ಜನ ಗುತ್ತಿಗೆ ಹುಡುಗರಿದ್ದರು. ಇಬ್ಬರು ರಾಯಚೂರಿನವರು, ಮೂವರು ಒಡಿಶಾದವರು. ಅವರು ಐವರೂ ಒಂದೇ ಉತ್ತರ ಕೊಟ್ಟರು: “ಮೇಸ್ತ್ರಿಗೆ.” ಅವರನ್ನು ಕೆಲಸಕ್ಕೆ ಸೇರಿಸಿದವನು ಮೇಸ್ತ್ರಿ, ಕೊಠಡಿ ಹಿಡಿದುಕೊಟ್ಟವನು ಮೇಸ್ತ್ರಿ, ಬರಬೇಡ ಎಂದು ಹೇಳುವವನೂ ಮೇಸ್ತ್ರಿಯೇ. ಕುಂದಾಪುರದವರು ಬರೆದ ಕಫಾಲಾದ ಭಾಗವನ್ನು ಗಟ್ಟಿಯಾಗಿ ಓದಿದಾಗ ಆ ಹುಡುಗರಲ್ಲಿ ಒಬ್ಬ, ತನ್ನ ಆಧಾರ್ ಕಾರ್ಡ್ ಮತ್ತು ಬ್ಯಾಂಕಿನ ಎಟಿಎಂ ಕಾರ್ಡ್ ಎರಡೂ ಎಂಟು ತಿಂಗಳಿಂದ ಮೇಸ್ತ್ರಿಯ ಬಳಿಯೇ ಇವೆ ಎಂದು ಹೇಳಿದ. ನಾವು ದಿನವೂ ಒಂದೇ ಗೇಟಿನಿಂದ ಒಳಗೆ ಹೋಗುತ್ತೇವೆ, ಆದರೂ ಈ ಸಂಗತಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿವೃತ್ತ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಇವರ ಲೆಕ್ಕದಲ್ಲಿ 5 ಸರಿಯಾಗಿಯೇ ಇದೆ” ಎಂದರು. ಕೋಷ್ಟಕವನ್ನು ತೆಗೆಯುವ ಸಂದರ್ಭ ಬರಲಿಲ್ಲ.

ವಕೀಲರಲ್ಲಿ ಒಂದು ವಿನಂತಿ. ಈ ಐವರನ್ನು ನಮ್ಮ ಸಂಘಕ್ಕೆ ಸದಸ್ಯರನ್ನಾಗಿ ಸೇರಿಸಿಕೊಳ್ಳಬಹುದೇ? ನಮ್ಮ ನಿಯಮಾವಳಿಯಲ್ಲಿ “ಕಂಪನಿಯ ಖಾಯಂ ಕಾರ್ಮಿಕರು” ಎಂದೇ ಬರೆದಿದೆ.


ಉತ್ತರ 5 — ಕಾರ್ಮಿಕ ನ್ಯಾಯಾಲಯದ ವಕೀಲರು, ಬೆಂಗಳೂರು

ಸೇರಿಸಿಕೊಳ್ಳಬಹುದು. ಆ ಉದ್ದಿಮೆಯಲ್ಲಿ ವಾಸ್ತವವಾಗಿ ಕೆಲಸ ಮಾಡುತ್ತಿರುವವರು ಸದಸ್ಯರಾಗಬಹುದೆಂದು 1926ರ ಕಾರ್ಮಿಕ ಸಂಘಗಳ ಕಾಯ್ದೆಯೇ ಹೇಳಿತ್ತು. ಹೊಸ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಖಾಯಂ ಎಂಬ ಪದ ನಿಮ್ಮ ನಿಯಮಾವಳಿಯದು, ಕಾನೂನಿನದಲ್ಲ. ಮಹಾಸಭೆ ಕರೆದು ಆ ಪದವನ್ನು ತೆಗೆಯುವ ಠರಾವು ಮಾಡಿ, ತಿದ್ದುಪಡಿಯನ್ನು ಸಂಘಗಳ ನೋಂದಣಾಧಿಕಾರಿಯವರ ಕಚೇರಿಯಲ್ಲಿ ದಾಖಲಿಸಿ. ಚಂದಾ ರಸೀದಿಯನ್ನು ಐವರ ಹೆಸರಿನಲ್ಲಿಯೂ ತಾರೀಖು ಹಾಕಿ ಕೊಡಿ; ಮುಂದೊಂದು ದಿನ ಅವರು ಅಲ್ಲಿ ದುಡಿದದ್ದಕ್ಕೆ ಆ ರಸೀದಿಯೂ ಒಂದು ಪುರಾವೆಯಾದೀತು.

ಆ ಹುಡುಗನ ಕಾರ್ಡುಗಳ ವಿಷಯವನ್ನು ಮಹಾಸಭೆಯವರೆಗೆ ಕಾಯಿಸಬೇಡಿ. ನಾಳೆಯೇ ನೀವು ಇಬ್ಬರು ಪದಾಧಿಕಾರಿಗಳು ಅವನ ಜೊತೆ ಹೋಗಿ ಕೇಳಿ. ಕೊಡದಿದ್ದರೆ ಎಟಿಎಂ ಕಾರ್ಡನ್ನು ಅಂದೇ ಬ್ಯಾಂಕಿನಲ್ಲಿ ನಿಲ್ಲಿಸಿ, ಲಿಖಿತ ದೂರಿನ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ ಇನ್ನೊಂದನ್ನು ಕಾರ್ಮಿಕ ನಿರೀಕ್ಷಕರಿಗೂ ಕೊಟ್ಟು, ಎರಡಕ್ಕೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.